ನೀಲಿಯಿಂದ ಬಂದ ಎಣ್ಣೆ

ಕಾಲೇಜಿಗೆ ಸೇರಿದ ಹೊಸದರಲ್ಲಿ 'ಅನಿಲೀನ್' ಎಂಬ ಹೆಸರನ್ನು ಮೊದಲ ಬಾರಿ ಕೇಳಿದಾಗ ಅದು ಯಾವುದೋ ಒಂದು ಅನಿಲವೇ ಇರಬೇಕೆಂದು ನಾನು ಭಾವಿಸಿದ್ದೆ. ಪ್ರೌಢಶಾಲೆಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿಕೊಂಡು ಬಂದ ಹುಡುಗನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಪ್ರಯೋಗಶಾಲೆಯ ಕಪಾಟಿನಲ್ಲಿ ಅದನ್ನು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಒಂದು ಕಂದು ಗಾಜಿನ ಶೀಸೆ. ಒಳಗೆ ಹಳೆಯ ಹರಳೆಣ್ಣೆಯನ್ನು ಹೋಲುವ ದ್ರವ. ಬಿರಡೆ ತೆಗೆದರೆ ಕೊಳೆತ ಮೀನಿನಂಥ ನಾತ. ಅನಿಲವೂ ಅಲ್ಲ, ಗಾಳಿಯೂ ಅಲ್ಲ, ಎಣ್ಣೆ. ನನ್ನ ತಪ್ಪನ್ನು ಕೇಳಿ ಅಧ್ಯಾಪಕರು ನಕ್ಕರು. ಆದರೆ ಆ ಹೆಸರು ಎಲ್ಲಿಂದ ಬಂತೆಂದು ಅವರೂ ಹೇಳಲಿಲ್ಲ. ಬಹಳ ವರ್ಷಗಳ ಮೇಲೆ, ನಾನೇ ರಸಾಯನಶಾಸ್ತ್ರದ ಅಧ್ಯಾಪಕನಾದ ಬಳಿಕ, ಅದು ತಿಳಿಯಿತು. ತಿಳಿದಾಗ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ನಾಚಿಕೆಯಾಯಿತು. ಹೆಸರು ನಮ್ಮ ಮನೆಯದೇ ಆಗಿತ್ತು.

ಸಂಸ್ಕೃತದ 'ನೀಲ' ಪಾರಸಿಗೆ ಹೋಗಿ 'ನೀಲ್' ಆಯಿತು. ಅಲ್ಲಿಂದ ಅರಬ್ಬಿಗೆ ದಾಟಿತು. ಅರಬ್ಬಿಯಲ್ಲಿ ನಾಮಪದದ ಹಿಂದೆ 'ಅಲ್' ಎಂಬ ಪ್ರತ್ಯಯ ಸೇರುವುದು ವಾಡಿಕೆ. ನಕಾರದ ಮುಂದೆ ಅದರ ಲಕಾರವೂ ನಕಾರವಾಗುತ್ತದೆ. ಹಾಗೆ 'ಅಲ್‌ನೀಲ್' ಎಂಬುದು 'ಅನ್ನೀಲ್' ಆಯಿತು. ಪೋರ್ತುಗೀಜರ ಬಾಯಲ್ಲಿ ಅದು 'ಅನಿಲ್'. ನಮ್ಮ ಪಶ್ಚಿಮ ಕರಾವಳಿಯಿಂದ ನೀಲಿಯ ಗಟ್ಟಿಗಳನ್ನು ಹಡಗಿಗೆ ಹೇರಿಕೊಂಡು ಹೋದವರು ಅವರು. ಸರಕಿನೊಂದಿಗೆ ಹೆಸರೂ ಹೋಯಿತು. 1840ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೆಲಸ ಮಾಡುತ್ತಿದ್ದ ಫ್ರಿಟ್ಷೆ ಎಂಬ ಜರ್ಮನ್ ರಸಾಯನಜ್ಞ, ನೀಲಿಯನ್ನು ಕಟುಕ್ಷಾರದೊಡನೆ ಕಾಯಿಸಿ ಒಂದು ಎಣ್ಣೆಯನ್ನು ಪಡೆದ. ಆ ಎಣ್ಣೆಗೆ ಆತ ಇಟ್ಟ ಹೆಸರು ಅನಿಲೀನ್.

ಹೆಸರು ಇಟ್ಟವನು ಫ್ರಿಟ್ಷೆ ನಿಜ. ಎಣ್ಣೆಯನ್ನು ಮೊದಲು ಕಂಡವನು ಮಾತ್ರ ಅವನಲ್ಲ. 1826ರಲ್ಲಿ ಊನ್‌ಫರ್ಡೋರ್ಬೆನ್ ಎಂಬಾತ ನೀಲಿಯನ್ನು ಬರಿದೆ ಭಟ್ಟಿ ಇಳಿಸಿ ಅದನ್ನೇ ಪಡೆದಿದ್ದ. ಆಮ್ಲಗಳೊಡನೆ ಸೇರಿ ಚೆಂದದ ಹರಳುಗಳನ್ನು ಕೊಡುತ್ತದೆಂದು 'ಕ್ರಿಸ್ಟಲಿನ್' ಎಂದು ಕರೆದಿದ್ದ. 1834ರಲ್ಲಿ ರುಂಗೆ ಎಂಬ ಮತ್ತೊಬ್ಬ ಜರ್ಮನ್, ನೀಲಿಯ ಗೊಡವೆಯೇ ಇಲ್ಲದೆ, ಕಲ್ಲಿದ್ದಲ ಡಾಂಬರಿನಿಂದ ಒಂದು ಎಣ್ಣೆಯನ್ನು ಬೇರ್ಪಡಿಸಿದ. ಚೆಲುವೆ ಪುಡಿಯ ದ್ರಾವಣಕ್ಕೆ ಅದರ ಒಂದು ತೊಟ್ಟು ಹಾಕಿದರೆ ನೀಲಿನೇರಳೆ ಬಣ್ಣ ಮೂಡುತ್ತಿತ್ತು. ಅದಕ್ಕೆ ಆತ 'ಕ್ಯಾನಾಲ್' ಎಂದ. ಗ್ರೀಕಿನಲ್ಲಿ ನೀಲಿಗಿರುವ ಹೆಸರಿನಿಂದ ಹುಟ್ಟಿದ ಪದ. (ಈ ಪ್ರಯೋಗವನ್ನು ನಾನು ಪ್ರತಿವರ್ಷ ಹುಡುಗರಿಗೆ ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುತ್ತಿದ್ದ ಪ್ರಯೋಗ ಅದೊಂದೇ.) 1842ರಲ್ಲಿ ರಷ್ಯದ ಕಜಾನ್ ನಗರದ ಜೀನಿನ್, ಬೆಂಜೀನಿನಿಂದ ಮಾಡಿದ ನೈಟ್ರೋಬೆಂಜೀನನ್ನು ಅಪಕರ್ಷಿಸಿ ನಾಲ್ಕನೆಯ ದಾರಿಯಿಂದ ಅದೇ ಎಣ್ಣೆಗೆ ಬಂದು ಮುಟ್ಟಿದ, 'ಬೆಂಜಿಡಾಮ್' ಎಂದು ಹೆಸರಿಟ್ಟ. ನಾಲ್ವರು, ನಾಲ್ಕು ಹೆಸರು. ಇವೆಲ್ಲವೂ ಒಂದೇ ವಸ್ತುವೆಂದು 1843ರಲ್ಲಿ ಸಾಧಿಸಿ ತೋರಿಸಿದವನು ಹಾಫ್‌ಮನ್ ಎಂಬ ಇಪ್ಪತ್ತೈದರ ಯುವಕ. ನಾಲ್ಕರಲ್ಲಿ ಉಳಿದುಕೊಂಡ ಹೆಸರು ನಮ್ಮ ನೀಲದ್ದು.

ವಸ್ತು ಸರಳವಾದದ್ದು. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ನಿಂತ ಒಂದು ಉಂಗುರ. ಆ ಉಂಗುರದ ಒಂದು ಮೂಲೆಗೆ ಸಾರಜನಕದ ಒಂದು ಪರಮಾಣು, ಅದರ ಮೇಲೆ ಎರಡು ಹೈಡ್ರೋಜನ್. ಅಷ್ಟೆ. ಭಟ್ಟಿಯಿಂದ ಆಗತಾನೆ ಇಳಿದಾಗ ಅದು ನೀರಿನಷ್ಟೇ ನಿರ್ಮಲವಾಗಿರುತ್ತದೆ. ಗಾಳಿ ಬೆಳಕುಗಳಿಗೆ ಸಿಕ್ಕಿದರೆ ಹಳದಿಗೆ ತಿರುಗಿ, ಕಂದಾಗಿ, ಕಡೆಗೆ ನಾನು ಕಪಾಟಿನಲ್ಲಿ ಕಂಡ ಸ್ಥಿತಿಗೆ ಬರುತ್ತದೆ. 184 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ; ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ನೀರಿಗಿಂತ ತುಸುವೇ ಭಾರ. ನೀರಿನಲ್ಲಿ ಕರಗುವುದು ಅಲ್ಪ. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಈ ಕೊನೆಯ ಗುಣವನ್ನು ಕೇಳುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಕಷ್ಟಗಳಲ್ಲಿ ಹಲವಕ್ಕೆ ಅದೇ ಬಾಗಿಲು.

ಹಾಫ್‌ಮನ್ ಲಂಡನ್ನಿಗೆ ಹೋಗಿ ಅಲ್ಲಿಯ ರಾಯಲ್ ರಸಾಯನ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ. ಆ ಕಾಲಕ್ಕೆ ಬ್ರಿಟಿಷ್ ಸಾಮ್ರಾಜ್ಯದ ದೊಡ್ಡ ಶತ್ರು ಮಲೇರಿಯ; ಮದ್ದು ಒಂದೇ, ಸಿಂಕೋನ ತೊಗಟೆಯ ಕ್ವಿನೈನ್. ಅದನ್ನು ಡಾಂಬರಿನ ಎಣ್ಣೆಗಳಿಂದ ಕೃತಕವಾಗಿ ಮಾಡಬಹುದೇ ಎಂದು ಆತ ಯೋಚಿಸಿದ. ಗುರುವಿನ ಮಾತನ್ನು ಶಿಷ್ಯ ವಿಲಿಯಂ ಪರ್ಕಿನ್ ತಲೆಗೆ ಹಚ್ಚಿಕೊಂಡ. 1856ರ ಈಸ್ಟರ್ ರಜೆ. ಹುಡುಗನಿಗೆ ಹದಿನೆಂಟು ವರ್ಷ. ಪೂರ್ವ ಲಂಡನ್ನಿನ ತನ್ನ ಮನೆಯಲ್ಲೇ ಕಟ್ಟಿಕೊಂಡಿದ್ದ ಪುಟ್ಟ ಪ್ರಯೋಗಶಾಲೆಯಲ್ಲಿ ಅನಿಲೀನಿನ ಲವಣಕ್ಕೆ ಪೊಟ್ಯಾಸಿಯಂ ಡೈಕ್ರೋಮೇಟ್ ಬೆರೆಸಿದ. ತಳದಲ್ಲಿ ಕೂತದ್ದು ಕ್ವಿನೈನ್ ಅಲ್ಲ, ಕಪ್ಪು ಕೆಸರು. ಬೇರೆ ಯಾರಾದರೂ ಬಚ್ಚಲಿಗೆ ಚೆಲ್ಲಿಬಿಡುತ್ತಿದ್ದರು. ಈತ ಅದನ್ನು ಮದ್ಯಸಾರದಲ್ಲಿ ಕರಗಿಸಿ ನೋಡಿದ. ಬೆಡಗಿನ ನೇರಳೆ ಬಣ್ಣ ಬಿಟ್ಟಿತು. ರೇಷ್ಮೆಗೆ ಹಿಡಿಯಿತು, ತೊಳೆದರೆ ಹೋಗಲಿಲ್ಲ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಪರ್ಕಿನ್ ಬಳಸಿದ ಅನಿಲೀನ್ ಶುದ್ಧವಾಗಿರಲಿಲ್ಲ. ಅದರ ದಾಯಾದಿಯಾದ ಟಾಲ್ಯುಯಿಡೀನ್ ಅದರಲ್ಲಿ ಬೆರೆತಿತ್ತು. ಆ ಕಲಬೆರಕೆ ಇಲ್ಲದಿದ್ದರೆ ಆ ನೇರಳೆ ಹುಟ್ಟುತ್ತಲೇ ಇರಲಿಲ್ಲ. ಅನಿಲೀನಿನ ಹೆಸರಿನಲ್ಲಿ ಲೋಕಕ್ಕೆ ಬಂದ ಮೊದಲ ಕೀರ್ತಿಯಲ್ಲೇ ದಾಯಾದಿಯ ಪಾಲಿತ್ತೆಂಬುದನ್ನು ಇಲ್ಲಿ ಗುರುತಿಸಿಡುತ್ತೇನೆ. ಅಪಕೀರ್ತಿಯ ಸಂದರ್ಭದಲ್ಲಿ ಇದೇ ಮಾತು ತಿರುಗಿ ಬರಲಿದೆ.

ಮುಂದಿನದನ್ನು ಬೇಗನೆ ಹೇಳಿಬಿಡಬಹುದು. ಪರ್ಕಿನ್ ಅದೇ ವರ್ಷ ಹಕ್ಕುಪತ್ರ ಪಡೆದ. ಗುರುವಿನ ಅಸಮಾಧಾನವನ್ನು ಲೆಕ್ಕಿಸದೆ ಕಾಲೇಜು ಬಿಟ್ಟ. ತಂದೆಯ ಹಣದಿಂದ 1857ರಲ್ಲಿ ಗ್ರೀನ್‌ಫರ್ಡಿನಲ್ಲಿ ಕಾರ್ಖಾನೆ ತೆರೆದ. ಮರುವರ್ಷ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ನಸುನೇರಳೆ ಉಡುಪಿನಲ್ಲಿ ಬಂದಳು. ಪ್ಯಾರಿಸಿನ ಸಾಮ್ರಾಜ್ಞಿಗೂ ಅದೇ ಬಣ್ಣದ ಹುಚ್ಚು. 1859ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ವೆರ್ಗಾಂ ಎಂಬಾತ ಅನಿಲೀನಿನಿಂದ ಉಜ್ಜ್ವಲವಾದ ಕೆಂಪೊಂದನ್ನು ಪಡೆದ. ಅದೇ ಫ್ಯೂಷಿನ್, ಇನ್ನೊಂದು ಹೆಸರಿನಲ್ಲಿ ಮಜೆಂಟಾ. ಹತ್ತು ವರ್ಷ ತುಂಬುವುದರೊಳಗೆ ನೀಲಿ, ಹಸಿರು, ಕಪ್ಪು ಎಲ್ಲವೂ ಬಂದವು. ಜರ್ಮನರು ಈ ವಿದ್ಯೆಯನ್ನು ಕೈಗೆತ್ತಿಕೊಂಡು ಇಂಗ್ಲೆಂಡನ್ನು ಹಿಂದೆ ಹಾಕಿದರು. ನಮ್ಮಲ್ಲಿ ಒಂದು ತಲೆಮಾರಿನವರು ಹಾಡು ಕೇಳುತ್ತಿದ್ದ ಕ್ಯಾಸೆಟ್ಟುಗಳ ಮೇಲೆ ಬಿಎಎಸ್‌ಎಫ್ ಎಂಬ ಅಕ್ಷರಗಳಿದ್ದವು. 1865ರಲ್ಲಿ ಹುಟ್ಟಿದ ಆ ಸಂಸ್ಥೆಯ ಹೆಸರಿನ ಎರಡನೆಯ ಅಕ್ಷರ ಅನಿಲೀನಿನದು. ನಮ್ಮ ಮನೆಗಳ ಮದುವೆಯ ಚಿತ್ರಗಳನ್ನು ತೆಗೆದ ಆಗ್ಫಾ ಕ್ಯಾಮೆರಾದ ಹೆಸರಿನ ಕೊನೆಯ ಎರಡು ಅಕ್ಷರಗಳನ್ನು ಬಿಡಿಸಿದರೂ ಸಿಗುವುದು 'ಅನಿಲೀನ್ ತಯಾರಿಕೆ' ಎಂಬ ಅರ್ಥವೇ.

ಇಷ್ಟಾದ ಮೇಲೆ ಅವರ ಕಣ್ಣು ನೀಲಿಯ ಮೇಲೆಯೇ ಬಿತ್ತು. ಬಾಯರ್ ಎಂಬ ಜರ್ಮನ್ ವಿದ್ವಾಂಸ ನೀಲಿಯ ರಚನೆಯನ್ನು ಬಿಡಿಸಲು ಸುಮಾರು ಹದಿನೆಂಟು ವರ್ಷ ದುಡಿದು 1883ರಲ್ಲಿ ಅದನ್ನು ಪ್ರಕಟಿಸಿದ. ಗಿಡವಿಲ್ಲದ ನೀಲಿ 1897ರಲ್ಲಿ ಪೇಟೆಗೆ ಬಂತು. ಅದು ಡಾಂಬರಿನ ನಾಫ್ತಲೀನಿನಿಂದ ಹೊರಟ ದಾರಿ. 1901ರಲ್ಲಿ ಫ್ಲೇಗರ್ ಎಂಬಾತ ಅನಿಲೀನಿನಿಂದಲೇ ನೀಲಿ ಮಾಡುವ ಇನ್ನೂ ಅಗ್ಗದ ದಾರಿಯನ್ನು ಕಂಡುಕೊಂಡ. 1826ರಲ್ಲಿ ನೀಲಿಯನ್ನು ಸುಟ್ಟು ಎಣ್ಣೆ ಪಡೆದಿದ್ದರು. ಎಪ್ಪತ್ತೈದು ವರ್ಷಗಳ ಮೇಲೆ ಆ ಎಣ್ಣೆಯಿಂದ ನೀಲಿಯನ್ನು ಕಟ್ಟಿದರು.

ಈ ಸುದ್ದಿ ಬಿಹಾರದ ಚಂಪಾರಣ್ಯಕ್ಕೆ ಹೇಗೆ ತಲುಪಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಡಮೆ. ಬಂಗಾಳದ ರೈತರು 1859–60ರಲ್ಲಿ ನೀಲಿ ಬೆಳೆಯಲಾರೆವೆಂದು ದಂಗೆಯೆದ್ದ ಮೇಲೆ ಬಿಳಿಯ ನೀಲಿ ಸಾಹೇಬರು ಹೆಚ್ಚಾಗಿ ಬಿಹಾರವನ್ನು ನೆಚ್ಚಿಕೊಂಡಿದ್ದರು. ಅಲ್ಲಿ 'ತೀನ್‌ಕಠಿಯಾ' ಪದ್ಧತಿ. ಬಿಘಾ ಒಂದಕ್ಕೆ ಇಪ್ಪತ್ತು ಕಠಾ ಎಂದು ಲೆಕ್ಕ; ಅದರಲ್ಲಿ ಮೂರು ಕಠಾ ನೆಲದಲ್ಲಿ ಒಕ್ಕಲು ನೀಲಿಯನ್ನೇ ಬೆಳೆಯಬೇಕು. ಜರ್ಮನಿಯ ನೀಲಿ ಬಂದು ಬೆಲೆ ಕುಸಿದಾಗ ಒಕ್ಕಲಿಗೆ ಬಿಡುಗಡೆಯಾಗಬೇಕಿತ್ತಲ್ಲವೆ? ಆದದ್ದು ಬೇರೆ. ನೀಲಿ ಬೆಳೆಯುವ ಕರಾರಿನಿಂದ ಬಿಡಿಸುತ್ತೇವೆ, ಅದಕ್ಕೆ ಬದಲಾಗಿ ಗೇಣಿ ಹೆಚ್ಚು ಕೊಡು, ಇಲ್ಲವೆ ಇಡಿಗಂಟಾಗಿ ದಂಡ ತೆರು ಎಂದು ಸಾಹೇಬರು ಕೂತರು. ರೈನ್ ನದಿಯ ದಡದಲ್ಲಿ ಆದ ಲಾಭದ ನಷ್ಟವನ್ನು ಗಂಡಕಿ ತೀರದ ಒಕ್ಕಲು ಕಟ್ಟಿಕೊಟ್ಟ. 1917ರಲ್ಲಿ ಗಾಂಧೀಜಿ ಹೋಗಿ ರೈತರ ಹೇಳಿಕೆಗಳನ್ನು ಬರೆದುಕೊಳ್ಳತೊಡಗಿದಾಗ ಅವರ ಮುಂದೆ ಬಂದ ದೂರುಗಳಲ್ಲಿ ಇದು ಮುಖ್ಯವಾದದ್ದು. ಮರುವರ್ಷ ಕಾನೂನು ಬಂದು ತೀನ್‌ಕಠಿಯಾ ಹೋಯಿತು.

ಇಲ್ಲಿಯವರೆಗಿನದು ಪುಸ್ತಕದಿಂದ ತಿಳಿದದ್ದು. ಇನ್ನು ಮುಂದಿನದರಲ್ಲಿ ಒಂದು ಭಾಗವನ್ನು ನಾನು ಕಣ್ಣಾರೆ ಕಂಡೆ.

1976ನೆಯ ಇಸವಿ. ನಾನು ಆಗ ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕಿರಿಯ ಅಧ್ಯಾಪಕ. ಬಿ.ಎಸ್ಸಿ. ಹುಡುಗರಿಗೆ ಅಜೋ ಬಣ್ಣದ ಪ್ರಯೋಗವಿತ್ತು. ಅನಿಲೀನನ್ನು ಆಮ್ಲದಲ್ಲಿ ಕರಗಿಸಿ, ಮಂಜುಗಡ್ಡೆಯಲ್ಲಿ ತಣಿಸಿ, ಸೋಡಿಯಂ ನೈಟ್ರೈಟ್ ಹನಿಸಿ, ಬೀಟಾ ನಾಫ್ತಾಲಿನ ದ್ರಾವಣಕ್ಕೆ ಸುರಿದರೆ ಕಿತ್ತಳೆ ಕೆಂಪು ಬಣ್ಣ ಹಾಲು ಒಡೆದಂತೆ ಕೂಡಿಬರುತ್ತದೆ. ಐದು ಡಿಗ್ರಿ ಮೀರಿದರೆ ಪ್ರಯೋಗ ಕೆಟ್ಟಿತು. ಐಸ್ ಕಾರ್ಖಾನೆಯಿಂದ ಹೊಟ್ಟಿನಲ್ಲಿ ಸುತ್ತಿದ ಗಡ್ಡೆಯನ್ನು ಸೈಕಲ್ ಮೇಲೆ ಹೊತ್ತು ತರುತ್ತಿದ್ದವರು ನಮ್ಮ ಪ್ರಯೋಗಶಾಲೆಯ ಅಟೆಂಡರ್. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು. ಯಾವ ಶೀಸೆ ಯಾವ ಕಪಾಟಿನಲ್ಲಿದೆಯೆಂದು ಕತ್ತಲಲ್ಲೂ ಹೇಳಬಲ್ಲವರು. ಆ ಬೆಳಗ್ಗೆ ದೊಡ್ಡ ಶೀಸೆಯಿಂದ ಸಣ್ಣ ಶೀಸೆಗಳಿಗೆ ಅನಿಲೀನ್ ಬಗ್ಗಿಸುವಾಗ ಬೆಂಚಿನ ಮೇಲೆ ಸ್ವಲ್ಪ ಚೆಲ್ಲಿತು. ಅವರು ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿ, ಟವೆಲನ್ನು ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡರು. ನಾನು ಅದನ್ನು ನೋಡಿದೆ. ನೋಡಿಯೂ ಏನೂ ಹೇಳಲಿಲ್ಲ. ನನಗೆ ಗೊತ್ತಿರಲಿಲ್ಲವೆಂದಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ವಿಷಯವದು. ಪುಸ್ತಕದಲ್ಲಿದ್ದದ್ದು ಆ ಹೆಗಲಿನ ಮೇಲಿನ ಟವೆಲಿನವರೆಗೆ ಬರಲಿಲ್ಲ, ಅಷ್ಟೆ.

ಮಧ್ಯಾಹ್ನ ಮೂರರ ಹೊತ್ತಿಗೆ ಅವರು ಸ್ಟೂಲಿನ ಮೇಲೆ ತಲೆ ಹಿಡಿದು ಕೂತಿದ್ದರು.

"ಯಾಕೆ, ಹೀಗೆ ಕೂತಿರಿ?" ಎಂದೆ.

"ಏನಿಲ್ಲ ಸಾರ್, ಬಿಸಿಲಿಗೆ ಸೈಕಲ್ ತುಳಿದದ್ದು. ತಲೆ ಸಿಡೀತದೆ."

ಅವರ ತುಟಿಗಳು ನೇರಳೆ ಹಣ್ಣು ತಿಂದವರ ತುಟಿಯಂತಿದ್ದವು. ಉಗುರುಗಳ ಬುಡವೂ ಹಾಗೆಯೇ. ಹಾಲಾಹಲ ಕುಡಿದ ಶಿವನ ಕಂಠ ನೀಲಿಯಾಯಿತೆಂಬ ಕಥೆಯನ್ನು ಎಳವೆಯಿಂದ ಕೇಳಿದವನು ನಾನು. ವಿಷ ಮನುಷ್ಯನನ್ನು ನೀಲಿಯಾಗಿಸುವುದನ್ನು ಕಂಡದ್ದು ಅಂದೇ. ಜಟಕಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ತೋಳಿನಿಂದ ತೆಗೆದ ರಕ್ತ ಕೆಂಪಗಿರಲಿಲ್ಲ. ಕಾಫಿಯ ಡಿಕಾಕ್ಷನ್ನಿನ ಬಣ್ಣ. ಮೊದಲು ಅವರು ಮಾಡಿಸಿದ್ದು ಟವೆಲನ್ನೂ ಅಂಗಿಯನ್ನೂ ತೆಗೆಸಿ ಸೋಪು ಹಚ್ಚಿ ಹೆಗಲನ್ನು ತೊಳೆಸಿದ್ದು. ಆಮೇಲೆ ರಕ್ತನಾಳಕ್ಕೆ ಒಂದು ಮದ್ದನ್ನು ನಿಧಾನವಾಗಿ ಚುಚ್ಚಿದರು. ಸಿರಿಂಜಿನಲ್ಲಿದ್ದುದು ಕಡುನೀಲಿ ದ್ರವ. ನೋಡಿ ನಾನು ದಂಗಾದೆ.

ಏನಾಗಿತ್ತೆಂಬುದನ್ನು ಸರಳವಾಗಿ ಹೇಳುತ್ತೇನೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣದ ಪರಮಾಣುಗಳಿವೆ. ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವುದು ಅವುಗಳ ಕೆಲಸ. ಕೊಬ್ಬಿನಲ್ಲಿ ಕರಗುವ ಅನಿಲೀನ್ ಚರ್ಮವನ್ನು ಸಲೀಸಾಗಿ ದಾಟುತ್ತದೆ. ಬಾಯಿಗೆ ಹೋಗಬೇಕಾಗಿಲ್ಲ, ಮೂಗಿನಲ್ಲಿ ಎಳೆಯಬೇಕಾಗಿಲ್ಲ. ಒಳಹೊಕ್ಕ ಮೇಲೆ ಯಕೃತ್ತು ಅದನ್ನು ಫೀನೈಲ್ ಹೈಡ್ರಾಕ್ಸಿಲಮೀನ್ ಎಂಬ ಇನ್ನೊಂದು ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಆ ಕಬ್ಬಿಣದಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ಅಲ್ಲಿಗೆ ಅದು ಕೈಕಟ್ಟಿದ ಹಮಾಲಿಯಂತೆ. ರಕ್ತದಲ್ಲಿ ತಿರುಗುತ್ತಿರುತ್ತದೆ, ಹೊರೆ ಹೊರಲಾರದು. ಹೀಗೆ ಕೆಟ್ಟ ಹಿಮೋಗ್ಲೋಬಿನ್ನಿಗೆ ಮೆಥಿಮೋಗ್ಲೋಬಿನ್ ಎಂದು ಹೆಸರು. ಆರೋಗ್ಯವಂತರಲ್ಲೂ ನೂರಕ್ಕೆ ಒಂದರಷ್ಟು ಇರುತ್ತದೆ. ಹದಿನೈದರ ಆಸುಪಾಸಿಗೆ ಏರಿದರೆ ತುಟಿ ನೀಲಿ. ಮೂವತ್ತು ನಲವತ್ತಕ್ಕೆ ತಲೆನೋವು, ಏದುಸಿರು, ಸುಸ್ತು. ಎಪ್ಪತ್ತು ದಾಟಿದರೆ ಬದುಕುವುದು ಕಷ್ಟ. ಮೋಸವೆಂದರೆ ಇದು ಒಡನೆಯೇ ಕಾಣಿಸಿಕೊಳ್ಳುವುದಿಲ್ಲ. ಗಂಟೆಗಳ ಮೇಲೆ, ಚೆಲ್ಲಿದ್ದು ಮರೆತುಹೋದ ಮೇಲೆ ಬರುತ್ತದೆ.

ಮೆಥಿಲೀನ್ ಬ್ಲೂ ಎಂಬ ಆ ನೀಲಿ ಮದ್ದು, ಕಿತ್ತುಹೋದ ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ಮರಳಿ ತಲುಪಿಸಲು ಮೈಗೆ ನೆರವಾಗುತ್ತದೆ. 1876ರಲ್ಲಿ ಹೈನ್ರಿಕ್ ಕಾರೊ ಎಂಬ ಜರ್ಮನ್ ಅದನ್ನು ಬಟ್ಟೆಗೆ ಹಾಕುವ ಬಣ್ಣವಾಗಿ ತಯಾರಿಸಿದ್ದ. ಅನಿಲೀನಿನಿಂದ ಹುಟ್ಟಿದ ವಸ್ತುವಿನಿಂದಲೇ! 1891ರಲ್ಲಿ ಬರ್ಲಿನ್ನಿನ ಗುಟ್‌ಮನ್ ಮತ್ತು ಎರ್ಲಿಕ್ ಅದನ್ನು ಮಲೇರಿಯ ರೋಗಿಗಳಿಗೆ ಕೊಟ್ಟು ಗುಣ ಕಂಡಿದ್ದರು. ಪರ್ಕಿನ್ ಮಲೇರಿಯದ ಮದ್ದನ್ನು ಹುಡುಕಿ ಬಣ್ಣ ಕಂಡ; ಇವರಿಗೆ ಬಣ್ಣದಲ್ಲಿ ಮಲೇರಿಯದ ಮದ್ದು ಸಿಕ್ಕಿತು. ಅಟೆಂಡರಿಗೆ ಇದಾವುದೂ ಬೇಕಿರಲಿಲ್ಲ. ಒಂದು ಗಂಟೆಯಲ್ಲಿ ತುಟಿಗೆ ಬಣ್ಣ ಮರಳಿತು. ಮರುದಿನ ಬೆಳಗ್ಗೆ ಮೂತ್ರ ಹಸಿರುನೀಲಿಯಾಗಿ ಹೋದದ್ದನ್ನು ಕಂಡು ವಿಷ ಇನ್ನೂ ಒಳಗೇ ಇದೆಯೆಂದು ಅವರು ಕಂಗಾಲಾದರು. ಅದು ಮದ್ದಿನ ಬಣ್ಣವೆಂದು ನಂಬಿಸಲು ದಾದಿಗೆ ಸಾಕುಬೇಕಾಯಿತು.

ಹೀಗೆ ನೀಲಿಯಾದವರಲ್ಲಿ ಅವರು ಮೊದಲಿಗರಲ್ಲ. 1886ರಲ್ಲಿ ರೇನರ್ ಎಂಬ ವೈದ್ಯರು ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಹಸುಗೂಸುಗಳ ಸಂಗತಿಯೊಂದನ್ನು ವರದಿ ಮಾಡಿದರು. ಹೆರಿಗೆಮನೆಯ ಕೂಸುಗಳು ಕಾರಣವಿಲ್ಲದೆ ನೀಲಿಗಟ್ಟುತ್ತಿದ್ದವು. ಕಡೆಗೆ ಗೊತ್ತಾದದ್ದು, ಕೂಸಿಗೆ ಕಟ್ಟುವ ಬಟ್ಟೆಗಳ ಮೇಲೆ ಅನಿಲೀನ್ ಶಾಯಿಯಿಂದ ಒತ್ತಿದ ಗುರುತಿನ ಮುದ್ರೆ. ಒಗೆಯದ ಹೊಸ ಬಟ್ಟೆ, ಒದ್ದೆ, ಎಳೆಯ ಚರ್ಮ, ಇಷ್ಟು ಸಾಕಾಯಿತು. ಆಗತಾನೆ ಕಪ್ಪು ಬಣ್ಣ ಹಚ್ಚಿದ ಬೂಟು ತೊಟ್ಟು ನಡೆದು ಮೂರ್ಛೆ ಹೋದವರ ಕಥೆಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ವೈದ್ಯ ಪತ್ರಿಕೆಗಳಲ್ಲಿ ಹಲವಿವೆ.

ಅದೇ 1886ರಲ್ಲಿ ಸ್ಟ್ರಾಸ್‌ಬರ್ಗಿನ ಇಬ್ಬರು ಯುವ ವೈದ್ಯರು ನಾಫ್ತಲೀನ್ ಎಂದು ತಿಳಿದು ರೋಗಿಗೆ ಕೊಟ್ಟ ಪುಡಿ, ಅಂಗಡಿಯವರ ಕೈತಪ್ಪಿನಿಂದ, ಅನಿಲೀನಿನ ಮಗುವಾದ ಅಸೆಟನಿಲೈಡ್ ಆಗಿತ್ತು. ಜ್ವರ ಇಳಿಯಿತು! 'ಆಂಟಿಫೆಬ್ರಿನ್' ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಹೋಯಿತು. ಜ್ವರದೊಡನೆ ಕೆಲವರ ತುಟಿಯ ಕೆಂಪೂ ಇಳಿಯುತ್ತಿತ್ತು. ಯಾಕೆಂದು ತಿಳಿಯಲು ಅರವತ್ತು ವರ್ಷ ಬೇಕಾಯಿತು. 1948ರಲ್ಲಿ ಅಮೆರಿಕದ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಇದನ್ನು ಬಿಡಿಸಿದರು. ಮೈಯೊಳಗೆ ಆ ಪುಡಿಯ ಬಹುಪಾಲು ಒಂದು ವಸ್ತುವಾಗುತ್ತದೆ. ಜ್ವರ ಇಳಿಸುವುದು ಅದು. ಅಲ್ಪಭಾಗ ಮರಳಿ ಅನಿಲೀನ್ ಆಗುತ್ತದೆ, ನೀಲಿಯಾಗಿಸುವುದು ಇದು. ಹಾಗಾದರೆ ಮೊದಲನೆಯದನ್ನೇ ನೇರವಾಗಿ ಕೊಟ್ಟರಾಯಿತಲ್ಲ? ಆ ಮೊದಲನೆಯದೇ ಇಂದು ನಮ್ಮೆಲ್ಲರ ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್.

ಈಗ ದಾಯಾದಿಯ ಮಾತಿಗೆ ಬರುತ್ತೇನೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫ್ಯೂಷಿನ್ ತಯಾರಿಸುವ ಕೆಲಸದಲ್ಲಿದ್ದ 45 ಮಂದಿಯಲ್ಲಿ ಮೂವರಿಗೆ ಮೂತ್ರಕೋಶದ ಗಂತಿ ಬಂದಿದೆಯೆಂದು ವೈದ್ಯರ ಸಭೆಯಲ್ಲಿ ಹೇಳಿದ. ಊರಿಗೇ ಅಪರೂಪವಾದ ಕಾಯಿಲೆ, ಒಂದೇ ಕೊಟ್ಟಿಗೆಯ ಮೂವರಿಗೆ. ಆತ ಅನುಮಾನಿಸಿದ್ದು ಅನಿಲೀನನ್ನು. ಲೋಕ ಆ ಕಾಯಿಲೆಗೆ 'ಅನಿಲೀನ್ ಕ್ಯಾನ್ಸರ್' ಎಂದೇ ಹೆಸರಿಟ್ಟಿತು. ಆದರೆ ಆ ಕೊಟ್ಟಿಗೆಗಳಲ್ಲಿ ಅನಿಲೀನ್ ಒಂದೇ ಇರಲಿಲ್ಲ. ಅದರ ಕುಲದವೇ ಆದ ಟಾಲ್ಯುಯಿಡೀನ್, ಬೆಂಜಿಡೀನ್, ನಾಫ್ತೈಲಮೀನ್ ಮುಂತಾದವು ಬಣ್ಣದ ಕಾರ್ಖಾನೆಗಳಲ್ಲಿ ಒಟ್ಟೊಟ್ಟಿಗೆ ಕುದಿಯುತ್ತಿದ್ದವು. ಯಾರ ಕೈ ಯಾವುದರಲ್ಲಿ ಅದ್ದಿತ್ತೆಂದು ಬರೆದಿಟ್ಟವರಿಲ್ಲ. ಕಾಯಿಲೆಯೂ ಕೆಲಸಕ್ಕೆ ಸೇರಿದ ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಬರುವಂಥದು; ಅಷ್ಟರಲ್ಲಿ ಆಳು ಕೆಲಸ ಬಿಟ್ಟು ಊರು ಸೇರಿರುತ್ತಿದ್ದ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಪರ್ ನಾಯಿಗಳಿಗೆ ಬೀಟಾ ನಾಫ್ತೈಲಮೀನ್ ಕೊಟ್ಟು ಅದೇ ಗಂತಿಯನ್ನು ಕಂಡ. 1954ರಲ್ಲಿ ಬ್ರಿಟನ್ನಿನ ಕೇಸ್ ಮತ್ತು ಸಂಗಡಿಗರು ಬಣ್ಣದ ಕಾರ್ಖಾನೆಗಳ ಸಾವಿರಾರು ಕೆಲಸಗಾರರ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ಲೆಕ್ಕ ಹಾಕಿದರು. ಅಪರಾಧಿಗಳೆಂದು ಎದ್ದುಕಂಡವು ಬೀಟಾ ನಾಫ್ತೈಲಮೀನ್ ಮತ್ತು ಬೆಂಜಿಡೀನ್. ಅನಿಲೀನನ್ನಷ್ಟೇ ಮುಟ್ಟಿದವರಲ್ಲಿ ಅಂಥ ಪುರಾವೆ ಸಿಗಲಿಲ್ಲ. ರೇನ್ ಎಚ್ಚರಿಸಿದ್ದಕ್ಕೂ ಇದಕ್ಕೂ ನಡುವೆ ಐವತ್ತೊಂಬತ್ತು ವರ್ಷ. ಈ ಅವಧಿಯಲ್ಲಿ ತಪ್ಪು ಹೆಸರಿನ ಮೇಲೆ ದೂರು ಹೊರಿಸಿ ನಿಜವಾದ ಕೊಲೆಗಡುಕರನ್ನು ಹಾಗೆಯೇ ಕುದಿಸುತ್ತಿದ್ದರೆಂಬುದು ನನಗೆ ಈ ಚರಿತ್ರೆಯ ಅತ್ಯಂತ ಕಹಿಯಾದ ಭಾಗ. ನಮ್ಮ ದೇಶದಲ್ಲಿ ಬೆಂಜಿಡೀನ್ ಆಧಾರಿತ ಬಣ್ಣಗಳಿಗೂ ಬೇರೆ ಹಲವು ಅಜೋ ಬಣ್ಣಗಳಿಗೂ ನಿಷೇಧ ಬಂದದ್ದು 1990ರ ದಶಕದಲ್ಲಿ.

ಹಾಗೆಂದು ಅನಿಲೀನ್ ನಿರ್ದೋಷಿಯೆಂದು ಬಿಡುಗಡೆಯಾಗಿಲ್ಲ. ಇಲಿಗಳ ಗುಲ್ಮದಲ್ಲಿ ಅದು ಗಂತಿ ಬೆಳೆಸುವುದು ಹಿಂದೆಯೇ ಗೊತ್ತಿತ್ತು. 2020ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಅದನ್ನು ಮನುಷ್ಯರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿದರು. ಆ ಸಂಸ್ಥೆಯ ಕಚೇರಿ ಇರುವುದು ಲಿಯಾನ್ ನಗರದಲ್ಲಿ. ಫ್ಯೂಷಿನ್ ಹುಟ್ಟಿದ ಊರಿನಲ್ಲೇ.

ಇನ್ನೊಂದು ಪ್ರಕರಣವನ್ನು ಹೇಳದೆ ಇರಲಾರೆ. ಸ್ಪೇನ್ ದೇಶ, 1981ರ ಮೇ ತಿಂಗಳು. ಮ್ಯಾಡ್ರಿಡ್ ಸುತ್ತಮುತ್ತಲ ಬಡವರ ಬಡಾವಣೆಗಳಲ್ಲಿ ಜನ ಜ್ವರ, ಉಬ್ಬಸ, ಮೈನೋವುಗಳಿಂದ ಮಲಗತೊಡಗಿದರು. ಮೊದಲು ಹೊಸ ನ್ಯುಮೋನಿಯ ಎಂದರು. ಕೆಲವು ವಾರಗಳಲ್ಲಿ ಕಾರಣ ಅಡುಗೆಯ ಎಣ್ಣೆಯೆಂದು ಗೊತ್ತಾಯಿತು. ಸಾಸಿವೆಯ ಕುಲದ ರೇಪ್ ಬೀಜದ ಎಣ್ಣೆಯನ್ನು ಕಾರ್ಖಾನೆಗಳ ಬಳಕೆಗೆಂದು ಫ್ರಾನ್ಸಿನಿಂದ ತರಿಸುತ್ತಿದ್ದರು. ಯಾರೂ ತಿನ್ನಬಾರದೆಂದೇ ಅದಕ್ಕೆ ನೂರಕ್ಕೆ ಎರಡರಷ್ಟು ಅನಿಲೀನ್ ಬೆರೆಸುವ ಕಟ್ಟಳೆಯಿತ್ತು. ಲಾಭಕೋರರು ಆ ಅನಿಲೀನನ್ನು ತೆಗೆಯುತ್ತೇವೆಂದು ಕಾಯಿಸಿ ಶೋಧಿಸಿ, ಆಲಿವ್ ಎಣ್ಣೆಯೆಂದು ಹೇಳಿ, ಹೆಸರುಚೀಟಿಯಿಲ್ಲದ ಪ್ಲಾಸ್ಟಿಕ್ ಡಬ್ಬಗಳಲ್ಲಿ ಬೀದಿಬೀದಿಯಲ್ಲಿ ಮಾರಿಸಿದರು. ಸುಮಾರು 20,000 ಮಂದಿ ಕಾಯಿಲೆ ಬಿದ್ದರು; ಮೊದಲ ಕೆಲವು ವರ್ಷಗಳಲ್ಲೇ 300ಕ್ಕೂ ಹೆಚ್ಚು ಸಾವು. 1989ರಲ್ಲಿ ಕೆಲವು ವ್ಯಾಪಾರಿಗಳಿಗೆ ಶಿಕ್ಷೆಯಾಯಿತು. ಅಲ್ಲಿಯೂ ಕೊಂದದ್ದು ಅನಿಲೀನ್ ಅಲ್ಲ. ಅದು ಎಣ್ಣೆಯೊಡನೆ ಕೂಡಿ ಹುಟ್ಟಿಸಿದ ಯಾವುದೋ ಸಂತತಿ. ಸಂಶಯಿತರ ಪಟ್ಟಿ ಇದೆ. ಕೊಲೆಗಾರ ಇವನೇ ಎಂದು ಬೆರಳಿಟ್ಟು ತೋರಿಸಲು ವಿಜ್ಞಾನಕ್ಕೆ ಇಂದಿಗೂ ಆಗಿಲ್ಲ.

ಇಂದು ಲೋಕದಲ್ಲಿ ತಯಾರಾಗುವ ಅನಿಲೀನಿನ ಹೆಚ್ಚಿನ ಪಾಲು ಬಣ್ಣಕ್ಕೆ ಹೋಗುವುದಿಲ್ಲ. ನಾವು ಮಲಗುವ ಫೋಮ್ ಹಾಸಿಗೆಗೆ, ರೆಫ್ರಿಜರೇಟರಿನ ಗೋಡೆಯೊಳಗಿನ ಪಾಲಿಯುರೆಥೇನಿಗೆ ಹೋಗುತ್ತದೆ. ಆ ಹಾಸಿಗೆಯಲ್ಲಿ ಮಲಗುವವರಿಗೆ ಅದರ ನಾತ ಗೊತ್ತಾಗುವುದಿಲ್ಲ. ಗೊತ್ತಿರುವುದು ಅದನ್ನು ಪೀಪಾಯಿಗೆ ತುಂಬುವವನಿಗೆ, ಲಾರಿಗೆ ಏರಿಸುವವನಿಗೆ, ಚೆಲ್ಲಿದ್ದನ್ನು ಒರೆಸುವವನಿಗೆ.

ನಮ್ಮ ಅಟೆಂಡರ್ ಐದನೆಯ ದಿನ ಕೆಲಸಕ್ಕೆ ಬಂದರು. ಆ ದೊಡ್ಡ ಶೀಸೆಯ ಮೇಲಿನ ಚೀಟಿಯನ್ನು ನಾನು ಆಗ ಮೊದಲ ಬಾರಿಗೆ ಅವರ ಕಣ್ಣಿನಿಂದ ನೋಡಿದೆ. ವಿಷವೆಂದೂ, ಚರ್ಮಕ್ಕೆ ತಾಗಬಾರದೆಂದೂ ಅದರಲ್ಲಿ ಸ್ಪಷ್ಟವಾಗಿಯೇ ಅಚ್ಚಾಗಿತ್ತು, ಇಂಗ್ಲಿಷಿನಲ್ಲಿ. ಅವರು ಓದಿದ್ದು ಕನ್ನಡದಲ್ಲಿ ನಾಲ್ಕನೆಯ ತರಗತಿ. ನೀಲ ಎಂಬ ಮಾತು ಅರಬ್ಬರ, ಪೋರ್ತುಗೀಜರ, ಜರ್ಮನರ ಬಾಯನ್ನೆಲ್ಲ ಸುತ್ತಿ ಆ ಶೀಸೆಯ ಮೇಲೆ ಕೂತು ಮರಳಿ ಬಂದಿತ್ತು. ಅವರಿಗೆ ಮಾತ್ರ ಅದು ಒಂದು ಗೀರಿನ ಸಾಲು. ಕೈಚೀಲಗಳಿಗಾಗಿ ಕಾಲೇಜಿನ ಕಚೇರಿಗೆ ಅರ್ಜಿ ಬರೆದುಕೊಟ್ಟೆ. ರಬ್ಬರಿನ ಎರಡು ಜೊತೆ ಬರಲು ಮುಂದಿನ ವರ್ಷವಾಯಿತು. ಅಲ್ಲಿಯವರೆಗೆ ಒಂದು ಬಿಳಿ ಕಾಗದದ ಮೇಲೆ ದಪ್ಪಕ್ಷರದಲ್ಲಿ "ವಿಷ. ಮೈಗೆ, ಬಟ್ಟೆಗೆ ತಾಗಿಸಬೇಡಿ. ಚೆಲ್ಲಿದರೆ ಕೂಡಲೆ ಬಟ್ಟೆ ತೆಗೆದು ಸೋಪಿನಿಂದ ತೊಳೆಯಿರಿ" ಎಂದು ಬರೆದು ಅಂಟಿಸಿದೆ. ಅವರು ಅದನ್ನು ಜೋರಾಗಿ ಓದಿ, "ಇಷ್ಟು ಮೊದಲೇ ಬರೆದಿದ್ರೆ ಆಗ್ತಿತ್ತಲ್ಲ ಸಾರ್" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆರು ತಿಂಗಳಲ್ಲಿ ಬಾಯಿಯಿಂದ ಒಸರಿದ ಎಣ್ಣೆಗೆ ಶಾಯಿ ಕರಗಿ ಅಕ್ಷರಗಳೆಲ್ಲ ಕಲಸಿಹೋದವು. ಮತ್ತೆ ಬರೆದೆ, ಈ ಸಲ ಸೀಸದಕಡ್ಡಿಯಲ್ಲಿ.